ನಾಯಕರ ಹಿಮ್ಮಡಿ, ಕುದುರೆಯ ಗೊರಸು

ಕಲ್ಲುಗೋಡು ದುರ್ಗದ ಪಾಳೆಯಗಾರ ಕೆಂಗಪ್ಪ ನಾಯಕರಿಗೆ ಎರಡರ ಮೇಲೆ ಪ್ರಾಣ. ಒಂದು ತಮ್ಮ ಮೀಸೆ, ಇನ್ನೊಂದು ಪಟ್ಟದ ಕುದುರೆ ಗಾಳಿರಾಯ.

ದಿನಾ ಬೆಳಿಗ್ಗೆ ಗಾಳಿರಾಯನ ಗೊರಸುಗಳನ್ನು ಇಟ್ಟಿಗೆ ಪುಡಿ ಹಾಕಿ ಗಸಗಸ ಉಜ್ಜಬೇಕು. ಆಮೇಲೆ ನಾಯಕರು ಅಂಗಳಕ್ಕೆ ಬಂದು, ಬಗ್ಗಿ, ಆ ಗೊರಸಿನಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬೇಕು. ಇದು ಅರಮನೆಯ ಕಟ್ಟಳೆ. ಗೊರಸಿನಲ್ಲಿ ನಿಜಕ್ಕೂ ಮುಖ ಕಾಣುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. "ಕಾಣ್ತದೇನ್ರೋ?" ಎಂದು ನಾಯಕರು ಕೇಳಿದಾಗ ಇಲ್ಲ ಎನ್ನುವ ಗಂಡು ಮಾತ್ರ ಆ ದುರ್ಗದಲ್ಲಿ ಹುಟ್ಟಿರಲಿಲ್ಲ.

"ಕುದುರೆ ಎಲ್ಲ ದೊರೆಗಳ ಹತ್ತಿರವೂ ಇದೆ. ಕಾಲಲ್ಲಿ ಕನ್ನಡಿ ಇಟ್ಟುಕೊಂಡ ಕುದುರೆ ಇರೋದು ನನ್ನ ಹತ್ತಿರ ಮಾತ್ರ!" ಎಂದು ನಾಯಕರು ಕೊಚ್ಚಿಕೊಳ್ಳುತ್ತಿದ್ದರು.

ಆ ಬೇಸಿಗೆಯಲ್ಲಿ ಕನ್ನಡಿ ಒಡೆಯಿತು. ಗೊರಸುಗಳು ಒಣಗಿ, ಬುಡದಿಂದ ಸೀಳು ಬಿಟ್ಟವು. ಲಾಳದ ಮೊಳೆ ಹೊಡೆದರೆ ಅಂಚು ಪುಡಿಪುಡಿಯಾಗಿ ಉದುರುತ್ತಿತ್ತು. ಗಾಳಿರಾಯ ಕುಂಟತೊಡಗಿದ. ಹುಣ್ಣಿಮೆಗೆ ನೆರೆಸೀಮೆಯ ದೊರೆ ಬರುವವನಿದ್ದ, ನಾಯಕರು ಇದೇ ಕುದುರೆ ಏರಿ ಅವನನ್ನು ಎದುರುಗೊಳ್ಳಬೇಕಿತ್ತು.

ಕುದುರೆ ಲಾಯ ನೋಡಿಕೊಳ್ಳುವ ಮೌಲಾಸಾಬನಿಗೆ ಸಭೆಗೆ ಬರಲು ಕರೆ ಹೋಯಿತು. ಅವನು ಕೈಮುಗಿದು, "ಬುದ್ಧಿ, ಆರು ತಿಂಗಳಿಂದ ಹೇಳ್ತಾನೇ ಇದ್ದೀನಿ. ಇಟ್ಟಿಗೆ ಪುಡಿ ಗೊರಸಿನ ಪಸೆಯನ್ನೆಲ್ಲ ಹೀರಿಬಿಡ್ತದೆ. ಉಜ್ಜೋದು ನಿಲ್ಸಿ. ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಹಸಿ ಜೇಡಿಮಣ್ಣಲ್ಲಿ ನಿಲ್ಲಿಸಿ, ಮೇಲೆ ಹರಳೆಣ್ಣೆ ಸವರಿದ್ರೆ..." ಎಂದ.

"ಪಟ್ಟದ ಕುದುರೆಯನ್ನ ಎಮ್ಮೆ ಹಾಗೆ ಕೆಸರಲ್ಲಿ ನಿಲ್ಲಿಸೋದಾ?" ನಾಯಕರು ಗುಡುಗಿದರು. "ಕೇಳು! ಹುಣ್ಣಿಮೆಯೊಳಗೆ ಕುಂಟು ಹೋಗಬೇಕು. ಉಜ್ಜೋದು ನಿಲ್ಲಬಾರದು, ಮಣ್ಣು ಸೋಕಬಾರದು. ಇಲ್ಲಾಂದ್ರೆ ಹೆಂಡತಿ ಮಕ್ಕಳನ್ನ ಕರ್ಕೊಂಡು ದುರ್ಗ ಬಿಟ್ಟು ಹೊರಡು."

ಮೌಲಾಸಾಬನ ಅಜ್ಜನೂ ಅದೇ ಲಾಯದಲ್ಲಿ ಹುಟ್ಟಿದವನು. ದುರ್ಗದ ಬಾಗಿಲಿನಾಚೆ ಅವನಿಗೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ನಾಯಕರಿಗೆ ವೀಳ್ಯ ಮಡಿಸಿ ಕೊಡುತ್ತ ಕೂತಿದ್ದ ಬೊಪ್ಪಣ್ಣ ಇದನ್ನೆಲ್ಲ ಕೇಳಿಸಿಕೊಂಡ. ಬೊಪ್ಪಣ್ಣ ಆಸ್ಥಾನದ ಮಾತಿನಮಲ್ಲ, ಆದರೆ ಕುದುರೆ ಕಂಡರೆ ಮಹಾ ಪುಕ್ಕಲ. ಹಿಂದೊಮ್ಮೆ ಗಾಳಿರಾಯ ಸೀನಿದ್ದಕ್ಕೆ ಹೆದರಿ ಹುಲ್ಲಿನ ಬಣವೆ ಏರಿ ಕೂತಿದ್ದವನನ್ನು ಕೈಹಿಡಿದು ಇಳಿಸಿದ್ದು ಮೌಲಾಸಾಬ. ಇಳಿಸಿದ್ದು ದೊಡ್ಡದಲ್ಲ, ಅದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಅಂಥ ಮನುಷ್ಯ ಊರು ಬಿಡುವುದನ್ನು ನೋಡುತ್ತ ಕೂರಲು ಬೊಪ್ಪಣ್ಣನಿಗೆ ಮನಸ್ಸಾದರೂ ಹೇಗೆ ಬಂದೀತು?

"ಬುದ್ಧಿ," ಎಂದ ಬೊಪ್ಪಣ್ಣ, ಎಲೆಗೆ ಸುಣ್ಣ ಹಚ್ಚುತ್ತಾ. "ಕುದುರೆ ಶಾಸ್ತ್ರದಲ್ಲಿ ಇದಕ್ಕೊಂದು ವಿಧಿ ಇದೆ. ಆದ್ರೆ ಬೇಡ ಬಿಡಿ. ಅದಕ್ಕೆ ಕುದುರೆ ಮೇಲೆ ಬಹಳ ಪ್ರೀತಿ ಬೇಕು."

"ನನಗಿಲ್ವೇನೋ ಪ್ರೀತಿ? ಗಾಳಿರಾಯನಿಗಾಗಿ ಏನು ಬೇಕಾದ್ರೂ ಮಾಡ್ತೀನಿ. ಈ ಮೀಸೆ ಮೇಲಾಣೆ!"

ಸಭೆಗೆ ಸಭೆಯೇ ಕೇಳಿಸಿಕೊಂಡಿತು. ಬೊಪ್ಪಣ್ಣನಿಗೂ ಅಷ್ಟೇ ಬೇಕಾಗಿತ್ತು.

"ಹಾಗಾದ್ರೆ ಸುಲಭ. ಒಡೆಯನ ಪಾದ, ಕುದುರೆಯ ಗೊರಸು ಎರಡೂ ಒಂದೇ. ಅದಕ್ಕೆ ಮಾಡಿದ್ದನ್ನೆಲ್ಲ ಇದಕ್ಕೂ ಮಾಡ್ಬೇಕು, ಇದಕ್ಕೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡ್ಬೇಕು. ಎಲ್ಲಾದ್ರೂ ತಪ್ಪಿದ್ರೆ ಫಲ ಇಲ್ಲ."

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಆರು ಕಾಲುಗಳು ಸಾಲಾಗಿ ನಿಂತವು. ನಾಲ್ಕು ಗಾಳಿರಾಯನವು, ಎರಡು ನಾಯಕರವು. ಒಂದೇ ಬುಟ್ಟಿಯ ಇಟ್ಟಿಗೆ ಪುಡಿ, ಒಂದೇ ತೆಂಗಿನ ನಾರು. ಮೌಲಾಸಾಬ ನಾಯಕರ ಹಿಮ್ಮಡಿಯನ್ನು ಮೆಲ್ಲಗೆ ಉಜ್ಜಿದ.

"ಇನ್ನೂ ಜೋರಾಗಿ ಉಜ್ಜಪ್ಪ," ಎಂದ ಬೊಪ್ಪಣ್ಣ, ಕುದುರೆಯಿಂದ ನಾಲ್ಕು ಮಾರು ದೂರ ನಿಂತು. "ಮುಖ ಕಾಣ್ಬೇಕು."

ಉಜ್ಜಿಯಾದ ಮೇಲೆ ಗಾಳಿರಾಯ ಎಂದಿನಂತೆ ಮಧ್ಯಾಹ್ನದವರೆಗೆ ಬರಿಗಲ್ಲಿನ ಮೇಲೆ ನಿಂತ. ಪಕ್ಕದಲ್ಲಿ ನಾಯಕರೂ ಬರಿಗಾಲಲ್ಲಿ ನಿಂತರು. ಮೀಸೆ ಮೇಲಿನ ಆಣೆ, ಮಾಡುವುದೇನು?

ಎರಡನೆಯ ದಿನ ಹಿಮ್ಮಡಿ ಉರಿಯಿತು. ಮೂರನೆಯ ದಿನ ಒಡೆಯಿತು. ನಾಲ್ಕನೆಯ ದಿನ ಸೀಳಿನೊಳಗೆ ಇಟ್ಟಿಗೆ ಪುಡಿ ಹೊಕ್ಕಾಗ ನಾಯಕರು "ಅಯ್ಯಯ್ಯಪ್ಪೋ!" ಎಂದು ಕೂಗಿದ ಕೂಗಿಗೆ ಕೋಟೆಯ ಪಾರಿವಾಳಗಳೆಲ್ಲ ಹಾರಿಹೋದವು. ಕುಂಟುತ್ತಾ ಓಡಿದವರೇ ಬಾವಿಕಟ್ಟೆಯ ಹಸಿ ಜೇಡಿಯಲ್ಲಿ ಎರಡೂ ಕಾಲು ಹೂತು, "ಹಾಯ್..." ಎಂದು ಕಣ್ಣುಮುಚ್ಚಿದರು.

"ಮೌಲಾಸಾಬ, ಕುದುರೆ ತಗೊಂಡು ಬಾ!" ಬೊಪ್ಪಣ್ಣ ಕೂಗಿದ. "ಒಡೆಯರ ಕಾಲು ಕೆಸರಿಗೆ ಬಿತ್ತು. ವಿಧಿ ತಪ್ಪಬಾರದು!"

ನಾಯಕರು ಬಾಯಿ ತೆರೆದರು, ಕಾಲು ತಂಪಾಗಿತ್ತು, ಮತ್ತೆ ಬಾಯಿ ಮುಚ್ಚಿದರು.

"ನಾಳೆಯೂ ಉಜ್ಜೋಣವೇ ಬುದ್ಧಿ?" ಬೊಪ್ಪಣ್ಣ ಕೇಳಿದ.

"ಉಜ್ಜಿದ್ರೆ ಕೈ ಕತ್ತರಿಸ್ತೀನಿ!"

ಅಂದಿನಿಂದ ದಿನಾ ಬೆಳಿಗ್ಗೆ ಒಡೆಯರೂ ಕುದುರೆಯೂ ಅಕ್ಕಪಕ್ಕ ಕೆಸರಲ್ಲಿ ನಿಂತರು, ಆಮೇಲೆ ಇಬ್ಬರಿಗೂ ಹರಳೆಣ್ಣೆ. ಹೊಸ ಗೊರಸು ಬೆಳೆದು ಬರಲು ತಿಂಗಳುಗಳೇ ಬೇಕು, ಆದರೆ ಸೀಳು ಬೆಳೆಯುವುದು ನಿಂತಿತು. ಹುಣ್ಣಿಮೆಯ ದಿನ ಗಾಳಿರಾಯ ಕುಂಟದೆ, ನಿಧಾನವಾಗಿ, ನಾಯಕರನ್ನು ಹೊತ್ತು ಹೆಬ್ಬಾಗಿಲು ದಾಟಿದ.

ಅತಿಥಿ ಹೋದ ಮೇಲೆ ನಾಯಕರು ಕಣ್ಣು ಕಿರಿದು ಮಾಡಿ ಕೇಳಿದರು. "ಬೊಪ್ಪಣ್ಣ, ಆ ಶಾಸ್ತ್ರ ಯಾವ ಓಲೆಗರಿಯಲ್ಲಿದೆಯೋ?"

"ಯಾವುದರಲ್ಲೂ ಇಲ್ಲ ಬುದ್ಧಿ. ಮೌಲಾಸಾಬನ ಬಾಯಲ್ಲಿತ್ತು. ಅವನು ಆರು ತಿಂಗಳು ಹೇಳಿದ್ರೂ ನಿಮ್ಮ ಕಿವಿಗೆ ಬೀಳಲಿಲ್ಲ. ಅದಕ್ಕೇ ಹಿಮ್ಮಡಿಯಿಂದ ತಲೆಗೆ ಹತ್ತಿಸಿದೆ."

ನಾಯಕರು ಒಮ್ಮೆ ಬೊಪ್ಪಣ್ಣನನ್ನು ನೋಡಿದರು, ಒಮ್ಮೆ ತಮ್ಮ ಹಿಮ್ಮಡಿ ನೋಡಿಕೊಂಡರು. ಕೊನೆಗೆ ತಮ್ಮ ಕೈಯ ಬೆಳ್ಳಿ ಕಡಗ ಬಿಚ್ಚಿ ಮೌಲಾಸಾಬನಿಗೆ ತೊಡಿಸಿ, "ಇನ್ನು ಲಾಯದಲ್ಲಿ ನಿನ್ನ ಮಾತೇ ಮಾತು" ಎಂದರು.

ಆಮೇಲೆ ಸಂಕೋಚದಿಂದ ದನಿ ತಗ್ಗಿಸಿದರು. "ಅದೆಲ್ಲ ಸರಿ ಕಣೋ. ಬೆಳಿಗ್ಗೆ ನಾನು ಮೀಸೆ ಎಲ್ಲಿ ನೋಡಿಕೊಳ್ಳಲಿ?"

"ರಾಣಿಯಮ್ಮನವರ ಹತ್ತಿರ ಕನ್ನಡಿ ಇದೆಯಲ್ಲ ಬುದ್ಧಿ," ಎಂದು ಬೊಪ್ಪಣ್ಣ ವೀಳ್ಯ ಮುಂದೆ ಮಾಡಿದ. "ಎಷ್ಟು ಉಜ್ಜಿದ್ರೂ ಅದು ಕುಂಟೋದಿಲ್ಲ."