ಎತ್ತಿ ಎತ್ತಿ ನೋಡಿದ ಆಮೆಮರಿ

"ಗುರುಗಳೇ, ಕಣ್ಮುಚ್ಚಿ ಕೂರೋಕೆ ಶುರುಮಾಡಿ ಮೂರು ತಿಂಗಳಾಯ್ತು. ನನ್ನ ಮನಸ್ಸು ಯಾಕಿನ್ನೂ ನಿಲ್ತಿಲ್ಲ? ಇವತ್ತೂ ನಿಲ್ಲದಿದ್ರೆ ನಾನು ಊರಿಗೆ ಹೊರಟೆ" ಅಂದ ಶಿಷ್ಯ. ಹೆಗಲ ಮೇಲೆ ಆಗಲೇ ಬಟ್ಟೆಗಂಟು ಇತ್ತು.

ಗುರು ಅವರೆಕಾಯಿ ಬಿಡಿಸುತ್ತಿದ್ದರು. "ಹೊರಡುವಂತೆ. ಕತೆ ಕೇಳ್ಕೊಂಡು ಹೋಗು" ಅಂದರು.

ಒಬ್ಬ ವ್ಯಾಪಾರಿಗೆ ಆಮೆಮರಿ ಸಾಕೋ ಹುಚ್ಚು ಹಿಡೀತು. ಅಂಥಿಂಥದ್ದಲ್ಲ, ಬೆನ್ನ ಮೇಲೆ ನಕ್ಷತ್ರ ಇರೋದೇ ಬೇಕು. ಎರಡು ವರ್ಷ ಸಂತೆ ಸಂತೆ ಅಲೆದ. ಸಿಕ್ಕವರೆಲ್ಲ ಕೆರೆ ಆಮೆಗೆ ಸುಣ್ಣದ ಚುಕ್ಕಿ ಇಟ್ಟು ತೋರಿಸಿದರು. ಕೊನೆಗೆ ಒಬ್ಬ ಕುರಿ ಕಾಯೋನ ಹತ್ತಿರ ಅಸಲಿ ಮರಿ ಸಿಕ್ಕಿತು. ನಿಂಬೆಹಣ್ಣಿನಷ್ಟಿತ್ತು.

ಮನೆಗೆ ತಂದವನೇ ಬೆಳ್ಳಿ ಬಟ್ಟಲಲ್ಲಿ ಹಾಲಿಟ್ಟ. ಮರಿ ತಲೆ ಹೊರಗೆ ಹಾಕಲಿಲ್ಲ. ಎತ್ತಿ ನೋಡಿದ, ಇಟ್ಟ. ಹತ್ತೆಣಿಸುವಷ್ಟರಲ್ಲಿ ಮತ್ತೆ ಎತ್ತಿದ. ಉಸಿರಿದೆಯೋ ಇಲ್ವೋ ಅಂತ ಅಂಗಾತ ಮಾಡಿ ನೋಡಿದ. ಬಂದ ನೆಂಟರ ಕೈಗೂ ಕೊಟ್ಟ. ನಾಲ್ಕು ದಿನ ಮರಿ ಏನೂ ತಿನ್ನಲಿಲ್ಲ.

ಐದನೇ ದಿನ, ದೃಷ್ಟಿ ತಾಗಿದೆ ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಮರಿ ಇನ್ನಷ್ಟು ಒಳಗೆ ಹೋಯ್ತು.

ಅಂಗಳ ಗುಡಿಸೋ ಅಜ್ಜಿ ಪೊರಕೆ ಕೆಳಗಿಟ್ಟಳು. "ಇಷ್ಟು ಘಾಟು ಬಂತಲ್ಲ, ದೃಷ್ಟಿ ತಾಗಿದ್ರೆ ಘಾಟೇ ಬರ್ತಿರಲಿಲ್ಲ ಯಜಮಾನ್ರೇ. ಅದನ್ನ ದಾಸವಾಳದ ಬುಡದಲ್ಲಿ ಬಿಟ್ಟು, ನೀವು ಅತ್ತೆ ಮನೆಗೆ ಹೋಗಿ ಬನ್ನಿ."

"ಅತ್ತೆ ಮನೇಲಿ ಔಷಧಿ ಇದೆಯಾ?"

"ನೀವು ಹೋಗೋದೇ ಔಷಧಿ."

ವ್ಯಾಪಾರಿಗೆ ಮೈ ಉರಿದುಹೋಯ್ತು. ಆದರೆ ಮರಿ ಇನ್ನೆರಡು ದಿನ ಬದುಕೋ ಹಾಗಿರಲಿಲ್ಲ. ಹೋದ. ಎಂಟು ದಿನ ಹೋಳಿಗೆ ತಿಂದರೂ ರುಚಿ ಹತ್ತಲಿಲ್ಲ.

ವಾಪಸ್ ಬಂದಾಗ ದಾಸವಾಳದ ಕೆಳಗೆ ಬಿದ್ದ ಹೂಗಳಲ್ಲಿ ಒಂದೂ ಇಡಿಯಾಗಿರಲಿಲ್ಲ. ಮರಿ ಕತ್ತು ಚಾಚಿ ಇನ್ನೊಂದು ಹೂವನ್ನು ಕಚ್ಚಿ ಎಳೀತಿತ್ತು. ವ್ಯಾಪಾರಿಯ ಕೈ ತಾನಾಗಿ ಮುಂದೆ ಹೋಯ್ತು. ಅರ್ಧದಲ್ಲಿ ನಿಂತಿತು. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ದೂರದಲ್ಲಿ ಕೂತ.

ಗುರು ಅವರೆಕಾಯಿ ಸಿಪ್ಪೆ ಒಟ್ಟುಮಾಡತೊಡಗಿದರು.

"ನಾನು ಕೇಳಿದ್ದು ಮನಸ್ಸಿನ ವಿಷಯ. ನೀವು ಆಮೆ ವಿಷಯ ಹೇಳ್ತಿದ್ದೀರಿ" ಅಂದ ಶಿಷ್ಯ.

"ಮನಸ್ಸು ನಿಂತಿತಾ ಅಂತ ಬೆಳಗಿಂದ ಎಷ್ಟು ಸಲ ಎತ್ತಿ ನೋಡಿದೆಯೋ?"

ಶಿಷ್ಯ ಹೆಗಲಿನ ಗಂಟನ್ನು ಮೆಲ್ಲಗೆ ಕೆಳಗಿಟ್ಟ.