ಅವರೆ ಬಳ್ಳಿಗೆ ಬಂದ ಅತಿಥಿ

ಬೇಕರಿಯ ಮಹಡಿಯ ಮೇಲಿನ ಪುಟ್ಟ ಗ್ಯಾಲರಿಯಲ್ಲಿ ಕಲಾವಿದೆ ಚೂಡಾಮಣಿಯ ಚಿತ್ರಪ್ರದರ್ಶನ ನಡೆದಿತ್ತು. ಮಾರಾಟವಾದ ಚಿತ್ರದ ಮೂಲೆಗೆ ಕೆಂಪು ಚುಕ್ಕಿ ಅಂಟಿಸುವುದು ಅಲ್ಲಿನ ಪದ್ಧತಿ. ಕೊನೆಯ ದಿನ ಬಂದರೂ ಒಂದು ಚುಕ್ಕಿಯೂ ಬಿದ್ದಿರಲಿಲ್ಲ.

ಚಿನ್ನದ ಚೌಕಟ್ಟಿನೊಳಗಿನ ಕುದುರೆ ಪಕ್ಕದ ಚಿತ್ರದ ಅವರೆ ಬಳ್ಳಿಗೆ, "ಅಂಗೈಯಗಲ ಇದ್ದೀಯ. ನಿನ್ನನ್ನು ಯಾರು ಕೇಳುತ್ತಾರೆ?" ಎಂದಿತು.

ಅಷ್ಟರಲ್ಲಿ ಗುಲಗಂಜಿ ಹುಳುವೊಂದು ಕಿಟಕಿಯಿಂದ ಹಾರಿ ಬಂದು ಬಳ್ಳಿಯ ಮೂಲೆಯ ಎಲೆಯ ಮೇಲೆ ಕೂತಿತು. ದೂರಕ್ಕೆ ಅದರ ಕೆಂಪು ಬೆನ್ನು ಚುಕ್ಕಿಯಂತೆಯೇ ಕಂಡಿತು.

"ಅಯ್ಯೋ, ಇದು ಆಗಲೇ ಹೋಗಿಬಿಟ್ಟಿತೇ!" ಎನ್ನುತ್ತ ಕುದುರೆಯ ಮುಂದಿದ್ದವರೆಲ್ಲ ಬಳ್ಳಿಯತ್ತ ನುಗ್ಗಿದರು. "ನಾನು ಬರುವಾಗಲೇ ಹೇಳಲಿಲ್ಲವೇ, ಏನು ಕೈಚಳಕ!" ಎಂದರು ಒಬ್ಬರು.

ಚುಕ್ಕಿ ಮೆಲ್ಲಗೆ ನಡೆಯತೊಡಗಿತು. ಜನ ನಾಚಿ ಮೆಟ್ಟಿಲಿಳಿದು ಹೋದರು.

"ಒಂದು ಹುಳುವನ್ನು ನಂಬಿ ಹಿಗ್ಗಿದೆಯಾ?" ಎಂದು ಕುದುರೆ ಕೆನೆದು ನಕ್ಕಿತು.

"ಅವರೆಲ್ಲ ಚುಕ್ಕಿ ನೋಡಿ ಬಂದವರು. ಎಲೆ ನೋಡಿ ಬಂದದ್ದು ಈ ಹುಳು ಒಂದೇ" ಎಂದಿತು ಬಳ್ಳಿ, ಇನ್ನೂ ಹಿಗ್ಗುತ್ತಲೇ.

ಗುಲಗಂಜಿ ಹುಳು ಎಲೆಯನ್ನೆಲ್ಲ ಸುತ್ತಿ ಬಂದು ಚೂಡಾಮಣಿಗೆ ದೂರು ಹೇಳಿತು: "ಎಲೆಯೇನೋ ಎಳೆಯದು, ಸೊಗಸಾಗಿದೆ. ಆದರೆ ಅವರೆ ಎಲೆಯ ಮೇಲೆ ರಸ ಹೀರುವ ಹೇನು ಇರಬೇಡವೇ ತಾಯಿ? ನನಗೆ ತಿನ್ನಲು ಒಂದೂ ಸಿಗಲಿಲ್ಲ!"

ಚೂಡಾಮಣಿ ಗಟ್ಟಿಯಾಗಿ ನಕ್ಕಳು. ಇಷ್ಟು ಹತ್ತಿರದಿಂದ ಅವಳ ಚಿತ್ರವನ್ನು ಈವರೆಗೆ ಯಾರೂ ನೋಡಿರಲಿಲ್ಲ.

"ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? ಸ್ವಲ್ಪ ಕೂತಿರು" ಎಂದು ಕುಂಚ ತೆಗೆದು, ಎಲೆಯ ತುಂಬ ಹೇನು ಬರೆಯತೊಡಗಿದಳು.