ಮೂಗಿಗೆ ಅರಿಶಿನ

"ಗುರುಗಳೇ, ನನಗೆ ನಿಜ ಹೇಳುತ್ತಿದ್ದವನು ಈಗ ಹೇಳುತ್ತಿಲ್ಲ. ಏಕೆ?" ಎಂದು ಮಠದ ಶಿಷ್ಯ ನಿಜಗುಣ ಕೇಳಿದ.

ಬರುವ ಸೋಮವಾರ ಅವನು ಶಾಖಾಮಠಕ್ಕೆ ಹೊರಡಬೇಕಿತ್ತು. ಅಲ್ಲಿ ದಿನವೂ ಪ್ರವಚನ ಮಾಡುವ ಹೊಣೆ ಅವನದು. ಇಲ್ಲಿ ಅವನ ಪ್ರವಚನ ಮುಗಿದಾಗಲೆಲ್ಲ ಜೊತೆಯ ಶಿಷ್ಯ ಕಾಡಪ್ಪ ಬಂದು, "ಇವತ್ತು ಬರೀ ಬೂಸಾ. ಮುಂದಿನ ಸಾಲಿನವರೇ ತೂಕಡಿಸಿದರು" ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. ಅದಕ್ಕೆ ನಿಜಗುಣ ಎಂದೂ ಸಿಟ್ಟಾಗಲಿಲ್ಲ. ಸಿಟ್ಟಾಗುವುದಿರಲಿ, ಹೋದ ಹುಣ್ಣಿಮೆಯಂದು ತುಂಬಿದ ಸಭೆಯಲ್ಲಿ, ನಿಜ ಹೇಳುವವನೆಂದು ಕಾಡಪ್ಪನಿಗೆ ಶಾಲು ಹೊದಿಸಿ, ಹಾರ ಹಾಕಿ, ವೇದಿಕೆಯ ಮೇಲೆ ಕುರ್ಚಿ ಕೊಡಿಸಿದ್ದ. ಅಂದಿನಿಂದ ಕಾಡಪ್ಪನ ಬಾಯಲ್ಲಿ ಒಂದೇ ಮಾತು: "ಬಹಳ ಸೊಗಸಾಗಿತ್ತು." ತಾನು ತಿದ್ದಿಕೊಂಡೆನೋ ಇನ್ನೂ ಕೆಟ್ಟೆನೋ ತಿಳಿಯದೆ ನಿಜಗುಣನಿಗೆ ಭಯವಾಗಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಅರಿಶಿನದ ವ್ಯಾಪಾರಿ ಇದ್ದ. ಅವನಿಗೆ ಕಾರು ಓಟದ ಹುಚ್ಚು. ಬೆಟ್ಟ ಹತ್ತುವ ಪಂದ್ಯಕ್ಕೆಂದು ತನ್ನ ಕಾರಿಗೆ ಟರ್ಬೊ ಹಾಕಿಸಿದ. ಟರ್ಬೊ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು. ಸಾಲದೆ ಹೋದರೆ ಎಂಜಿನ್ ಒಳಗೊಳಗೇ ಬೆಂದುಹೋಗುತ್ತದೆ. ಅದನ್ನು ಮೊದಲೇ ತಿಳಿಯಲು ಒಂದು ಸಾಧನ ಉಂಟು, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಅದು ಹೊಗೆಯನ್ನು ಮೂಸಿ, ಪೆಟ್ರೋಲು ಸಾಕೋ ಸಾಲದೋ, ಸಾಲದಿದ್ದರೆ ಎಷ್ಟು ಸಾಲದು ಎಂದು ಮೀಟರಿನಲ್ಲಿ ತೋರಿಸುತ್ತದೆ.

ಗ್ಯಾರೇಜಿನ ಮೇಸ್ತ್ರಿ ಅದಕ್ಕೆ ಜಾಗ ಹುಡುಕಿದ. ಟರ್ಬೊ ಪಕ್ಕದಲ್ಲೇ ಇಟ್ಟರೆ ಬಿಸಿಗೆ ಸುಟ್ಟುಹೋಗುತ್ತದೆ. ಸೈಲೆನ್ಸರ್ ಪೈಪಿನ ಬಾಯಲ್ಲಿ ಇಟ್ಟರೆ ಹೊರಗಿನ ಗಾಳಿ ಬೆರೆತು ಲೆಕ್ಕ ತಪ್ಪುತ್ತದೆ. ಟರ್ಬೊ ದಾಟಿ ಒಂದು ಮೊಳದಾಚೆ, ನೀರು ನಿಲ್ಲದಂತೆ ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ ತೂತು ಕೊರೆದ. "ತುದಿ ಮಾತ್ರ ಮುಟ್ಟಬೇಡಿ ಸಾಹುಕಾರ್ರೇ" ಎಂದು ಹೇಳಿ ಚಹಾ ಕುಡಿಯಲು ಹೋದ.

ವ್ಯಾಪಾರಿಗೆ ಮನಸ್ಸು ತಡೆಯಲಿಲ್ಲ. ಎಂಜಿನ್ನಿನ ಪ್ರಾಣ ಕಾಯುವ ವಸ್ತುವನ್ನು ಪೂಜೆಯಿಲ್ಲದೆ ಕೂರಿಸುವುದುಂಟೇ? ಚಕ್ರದಡಿಗೆ ನಿಂಬೆಹಣ್ಣು ಇಟ್ಟದ್ದು ಸಾಲದೆಂದು, ತನ್ನ ಅಂಗಡಿಯ ಒಳ್ಳೆಯ ಅರಿಶಿನವನ್ನೇ ಎಣ್ಣೆಯಲ್ಲಿ ಕಲಸಿ ಸೆನ್ಸರಿನ ತುದಿಗೆ ದಪ್ಪಗೆ ಮೆತ್ತಿದ. ಕುಂಕುಮ ಇಟ್ಟ, ಊದುಬತ್ತಿ ಬೆಳಗಿದ. ಮೇಸ್ತ್ರಿ ಬರುವುದರೊಳಗೆ ತಾನೇ ತಿರುಗಿಸಿ ಕೂರಿಸಿಯೂ ಬಿಟ್ಟ. ಮೇಸ್ತ್ರಿ ಬಂದು, ಆತುರಗಾರ ಎಂದುಕೊಂಡು ಸ್ಪ್ಯಾನರಿನಿಂದ ಬಿಗಿ ಮಾಡಿದ.

ಇಬ್ಬರೂ ಕಾರಿನಲ್ಲಿ ಬೆಟ್ಟದ ದಾರಿ ಹಿಡಿದರು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೂ ಮೀಟರಿನ ಮುಳ್ಳು ಹಸಿರು ಗೆರೆಯ ಮೇಲೇ ಇತ್ತು. ಇಳಿಜಾರಿನಲ್ಲಿ ಕಾಲು ತೆಗೆದರೂ ಅಲ್ಲೇ ಇತ್ತು.

"ನೋಡಿದೆಯಾ ಮೇಸ್ತ್ರಿ, ಪೂಜೆಯ ಫಲ! ಮುಳ್ಳು ಅಲುಗೋದೇ ಇಲ್ಲ."

"ಪೂಜೆ ಅಂದ್ರಾ?" ಮೇಸ್ತ್ರಿ ಬೆಚ್ಚಿದ. "ಗಾಡಿ ನಿಲ್ಲಿಸಿ! ನಿಜ ಹೇಳೋ ಮುಳ್ಳು ಒಂದೇ ಕಡೆ ಕೂರೋದಿಲ್ಲ."

ಪೈಪು ಆರಿದ ಮೇಲೆ ಸೆನ್ಸರ್ ಬಿಚ್ಚಿದರು. ತುದಿಯ ಸಣ್ಣ ತೂತುಗಳೆಲ್ಲ ಮುಚ್ಚಿ ಕರಕಲು ಕಟ್ಟಿತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಸೀದಂಥ ವಾಸನೆ.

"ಮೂಸೋ ಮೂಗಿಗೇ ಅರಿಶಿನ ಮೆತ್ತಿದ್ದೀರಲ್ಲ ಸಾಹುಕಾರ್ರೇ!"

"ಮರ್ಯಾದೆ ಮಾಡಿದೆ ಕಣಯ್ಯಾ" ಎಂದ ವ್ಯಾಪಾರಿ, ಮುಖ ಸಣ್ಣಗೆ ಮಾಡಿಕೊಂಡು.

ಅತಿಯಾದರೆ ಅಮೃತವೂ ವಿಷ. ಹೊಸ ಸೆನ್ಸರನ್ನು ಬೋಳಾಗಿಯೇ ಕೂರಿಸಿದರು. ಒಮ್ಮೆ ಒತ್ತಿದ್ದೇ ತಡ, ಮುಳ್ಳು ಕೆಂಪಿಗೆ ಓಡಿತು. ಪೆಟ್ರೋಲು ಸಾಲುತ್ತಿರಲಿಲ್ಲ. ಇನ್ನೊಂದು ಏರು ಹತ್ತಿದ್ದರೆ ಎಂಜಿನ್ನಿನ ಕತೆ ಮುಗಿಯುತ್ತಿತ್ತು. ಮೇಸ್ತ್ರಿ ಅದನ್ನು ಸರಿಮಾಡಿದ. ಪಂದ್ಯದಲ್ಲಿ ವ್ಯಾಪಾರಿ ಗೆಲ್ಲಲಿಲ್ಲ. ಆದರೆ ಬೆಟ್ಟ ಹತ್ತಿ, ಇಳಿದು, ಅದೇ ಕಾರಿನಲ್ಲಿ ಊರೆಲ್ಲ ಕೇಳುವಂತೆ ಹಾರ್ನ್ ಹೊಡೆಯುತ್ತ ಮನೆಗೆ ಬಂದ.

ನಿಜಗುಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ದಡ್ಡ ಅವನು, ಗುರುಗಳೇ! ಮೂಗು ಮುಚ್ಚಿ ಮರ್ಯಾದೆ ಮಾಡುವುದೇ?"

ಗುರುಗಳೂ ನಕ್ಕರು. "ಕಾಡಪ್ಪನಿಗೆ ಶಾಲು ಹೊದಿಸಿದೆಯಲ್ಲ ಮಗು, ಮೂಗು ಬಿಟ್ಟು ಹೊದಿಸಿದೆಯಾ?"

ನಿಜಗುಣನ ನಗು ಅಲ್ಲಿಗೇ ನಿಂತಿತು.